ಪಾಲು

ಹಳಗನ್ನಡದಲ್ಲಿ ‘ಪಾಲ್’ ಅಂದರೆ ಕುಡಿಯುವ ಹಾಲೂ ಹೌದು, ಹಂಚಿ ಕೊಟ್ಟ ಭಾಗವೂ ಹೌದು. ಕಾಲ ಕಳೆದಂತೆ ಪಕಾರ ಹಕಾರಕ್ಕೆ ತಿರುಗಿ ‘ಪಾಲ್’ ಹಾಲಾಯಿತು, ‘ಪಂಚು’ ಎಂಬುದು ಹಂಚು ಆಯಿತು. ಭಾಗ ಎಂಬ ಅರ್ಥದ ಪಾಲು ಮಾತ್ರ ಪಾಲಾಗಿಯೇ ಉಳಿಯಿತು. ತಮಿಳಿನಲ್ಲಿ ಇಂದಿಗೂ ಎರಡಕ್ಕೂ ಒಂದೇ ಮಾತು. ತಿರುಕ್ಕುರಳಿನ ಮೂರು ಭಾಗಗಳಿಗೂ ‘ಪಾಲ್’ ಎಂದೇ ಹೆಸರು.

ಒಂದು ಕೆಲಸಕ್ಕೆ ಕೈಜೋಡಿಸುವುದನ್ನು ನಾವು ‘ಪಾಲ್ಗೊಳ್ಳುವುದು’ ಎನ್ನುತ್ತೇವೆ. ಬರೀ ಬಂದು ಕೂತರೆ ಸಾಲದು, ಅದರ ಒಂದು ಪಾಲನ್ನು ಹೊರಬೇಕು. ಎಂಥ ಚೆಂದದ ಮಾತು! ಇದೇ ಪಾಲು ಹಣೆಬರಹವೂ ಆಗುತ್ತದೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯನ್ನು ನಾನು ಬಹಳ ಕಾಲ ಮೆಚ್ಚಿಕೊಂಡಿದ್ದೆ. ಈಗ ಹಾಗಿಲ್ಲ. ಕಡಿಮೆ ಸಿಕ್ಕವರು ತಮಗೆ ತಾವೇ ಹೇಳಿಕೊಂಡರೆ ಅದು ತೃಪ್ತಿಯ ಮಾತು. ಹಂಚಿದವರೇ ಹೇಳಿದರೆ?

ಮಂಡ್ಯ, ರಾಮನಗರದ ಕಡೆ ಯುಗಾದಿಯ ಮರುದಿನ ಹೊಸತೊಡಕು. ಹತ್ತಾರು ಮನೆಯವರು ಚೀಟಿ ಹಾಕಿ ಹಣ ಕೂಡಿಸಿ ಕುರಿ ತರುತ್ತಾರೆ. ಕೊಯ್ದ ಮೇಲೆ ಮಾಂಸವನ್ನು ಗುಡ್ಡೆ ಗುಡ್ಡೆಯಾಗಿ ಹಾಕುತ್ತಾರೆ. ತೊಡೆ ಒಬ್ಬರಿಗೆ, ಮೂಳೆ ಇನ್ನೊಬ್ಬರಿಗೆ ಎಂದಲ್ಲ. ಮೆತ್ತನೆಯದು, ಮೂಳೆ, ಈಲಿ ಎಲ್ಲವೂ ಚೂರುಚೂರಾಗಿ ಪ್ರತಿ ಗುಡ್ಡೆಗೂ ಬೀಳಬೇಕು. ಚಿಕ್ಕಂದಿನಲ್ಲಿ ನಾನು ನೋಡುತ್ತಿದ್ದ ಹಿರಿಯರೊಬ್ಬರು ತಕ್ಕಡಿಯನ್ನೂ ಪೂರ್ತಿ ನಂಬುತ್ತಿರಲಿಲ್ಲ. ತೂಕ ಸರಿಯಿದ್ದರೂ ಕೂತು ಗುಡ್ಡೆಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದರು.

ಆಸ್ತಿಯ ಪಾಲಿಗೆ ಬಂದಾಗ ಆ ಕಣ್ಣು ಎಲ್ಲಿ ಹೋಗುತ್ತದೋ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. 2005ರಲ್ಲಿ ಕೇಂದ್ರದ ಕಾನೂನೂ ಬದಲಾಯಿತು. ಆದರೂ ಅಕ್ಕತಂಗಿಯರು ಇಂದಿಗೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕೂತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ. ಮನಸಾರೆ ಬಿಟ್ಟುಕೊಡುವವರೂ ಇದ್ದಾರೆ, ಅದು ಅವರ ದೊಡ್ಡತನ. ಆದರೆ ‘ನಾಳೆ ನಿನಗೆ ತವರು ಬೇಡವೇನಮ್ಮಾ?’ ಎಂದು ಕೇಳಿಸಿಕೊಂಡು ಸಹಿ ಹಾಕಿದವಳು ಏನು ಬಿಟ್ಟುಕೊಟ್ಟಂತಾಯಿತು? ತವರು ಅವಳಿಗೆ ಹುಟ್ಟಿನಿಂದ ಬಂದದ್ದು. ಅದನ್ನೇ ಅವಳು ಜಮೀನು ಕೊಟ್ಟು ಕೊಳ್ಳಬೇಕಾಯಿತು. ಗೌರಿ ಹಬ್ಬಕ್ಕೆ ಬಾಗಿನ ಬರುತ್ತದೆ, ಸೀರೆ ಬರುತ್ತದೆ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾಳೆ.

ಆಗೆಲ್ಲ ನನಗೆ ಆ ಹಿರಿಯರ ಕೈ ನೆನಪಾಗುತ್ತದೆ. ಒಂದು ಗುಡ್ಡೆಗೆ ಈಲಿ ಬಿದ್ದಿಲ್ಲವೆಂದು ಕಂಡರೆ, ಯಾರೂ ಕೇಳುವ ಮೊದಲೇ, ತಮ್ಮ ಪಾಲಿನ ಗುಡ್ಡೆಯಿಂದ ಒಂದು ಚೂರು ತೆಗೆದು ಅಲ್ಲಿಗೆ ಇಡುತ್ತಿದ್ದರು.