ಮಣಿಗೆ ಒಂದು ಹಾಡು, ಕಾಳಿಗೆ ಒಂದು ಕಲ್ಲು



ಕಳೆದ ತಿಂಗಳು ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದ ಕೊನೆಯಲ್ಲಿ ನಾನು ಆಡಿದ ಮಾತನ್ನು ಬರಹವಾಗಿ ಕೊಡಿ ಎಂದು ಕೆಲವರು ಕೇಳಿದ್ದೀರಿ. ಆ ಹೊತ್ತಿನಲ್ಲಿ ಮನೆಯಲ್ಲಿ ಕರೆಂಟ್ ಇರಲಿಲ್ಲವೆಂದು ಒಬ್ಬರು, ಅರ್ಧದಿಂದ ಕೇಳಿದೆನೆಂದು ಇನ್ನೊಬ್ಬರು. ಅಂದು ಹೇಳಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ಮೈಕಿನ ಮುಂದೆ ಸಮಯವಿಲ್ಲದೆ ಬಿಟ್ಟ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.

ಇದು ಶುರುವಾದದ್ದು ಒಂದು ಫೋನ್ ಕರೆಯಿಂದ. ಗುರುವಾರ ಮಧ್ಯಾಹ್ನ ನಾನು ಕೋರಿಕೆಗಳ ರಿಜಿಸ್ಟರ್ ಹಿಡಿದು ಕೂತಿರುತ್ತೇನೆ ಎನ್ನುವುದು ನಿಮಗೆ ಗೊತ್ತು. ಹಾಡು ಯಾವುದು, ಕೇಳುವವರು ಯಾರು, ಯಾರಿಗಾಗಿ ಎಂಬ ಮೂರನ್ನು ಬರೆದುಕೊಂಡರೆ ನನ್ನ ಕೆಲಸ ಮುಗಿಯಿತು. ಅವತ್ತು ಕರೆ ಮಾಡಿದವರು ವಯಸ್ಸಾದ ಒಬ್ಬ ಅಮ್ಮ. ಹಾಸನದ ಕಡೆಯವರು. ಮದುವೆಯಾಗಿ ಮದರಾಸಿಗೆ ಬಂದು ನಲವತ್ತು ವರ್ಷದ ಮೇಲಾಯಿತಂತೆ. ಮನೆ ಇಲ್ಲೇ ನುಂಗಂಬಾಕ್ಕಂನಲ್ಲಿ, ಹವಾಮಾನ ಕಚೇರಿ ಇರುವ ಕಾಲೇಜ್ ರಸ್ತೆಯಿಂದ ನಡೆದು ಹೋಗುವಷ್ಟು ದೂರ. ಪಿ.ಬಿ. ಶ್ರೀನಿವಾಸ್ ಅವರ ಒಂದು ಹಳೆಯ ಹಾಡು ಕೇಳಿದರು.

"ಯಾರಿಗೋಸ್ಕರ ಅಮ್ಮಾ?"

"ಮಣಿಗೆ ಅಂತ ಬರ್ಕೊಳ್ಳಪ್ಪ."

"ಮಣಿಯವರು ನಿಮಗೆ ಏನಾಗಬೇಕು?"

"ನಮ್ಮ ನಾಯಿ ಕಣಪ್ಪ. ಮಂಗಳವಾರ ಹೋಗ್ಬಿಟ್ಟ."

ನಾನು ನಕ್ಕುಬಿಟ್ಟೆ. ಜೋರಾಗಿ ಅಲ್ಲ, ಆದರೆ ಫೋನಿನಲ್ಲಿ ಅಷ್ಟು ಸಾಕು, ಕೇಳಿಸುತ್ತದೆ. ನಗೆಯನ್ನು ಮುಚ್ಚಿಕೊಳ್ಳಲು, "ಅಮ್ಮಾ, ಮನುಷ್ಯರ ಹೆಸರು ಮಾತ್ರ ಓದೋದು, ಹಾಗೊಂದು ನಿಯಮ ಇದೆ" ಎಂದೆ. ಅಂಥ ನಿಯಮ ಯಾವುದೂ ಇಲ್ಲ. ಆ ಕ್ಷಣಕ್ಕೆ ನಾನೇ ಹುಟ್ಟಿಸಿದ್ದು. ಅವರು ವಾದಿಸಲಿಲ್ಲ. "ಸರಿ ಬಿಡಪ್ಪ, ನಿಮಗೂ ಕಷ್ಟ ಇರುತ್ತೆ" ಎಂದು ಫೋನ್ ಇಟ್ಟರು. ನಾನು ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಮಣಿ ಯಾರದೋ ಮೊಮ್ಮಗನೋ ಮೈದುನನೋ ಆಗಿ ಭಾನುವಾರ ಸಲೀಸಾಗಿ ಹಾಡು ಪಡೆದುಬಿಡುತ್ತಿದ್ದ!

ಆಮೇಲೆ ರಿಜಿಸ್ಟರಿನಲ್ಲಿ ಅರ್ಧ ಬರೆದ ಆ ಸಾಲು ನೋಡುತ್ತ ಕೂತಾಗ ನನ್ನ ಬಿ.ಎ. ತರಗತಿ ನೆನಪಾಯಿತು. ಐಚ್ಛಿಕ ಕನ್ನಡ ಓದಿದವರು ಯಾರೂ ಆತಕೂರು ಶಾಸನವನ್ನು ತಪ್ಪಿಸಿಕೊಳ್ಳಲಾರರು. ನಮಗೂ ಪಾಠ ಇತ್ತು, ಪರೀಕ್ಷೆಯಲ್ಲಿ ಬಂತು, ನಾನು ಬರೆದೆ. ಬರೆದದ್ದು ತಕ್ಕೋಲದ ಯುದ್ಧದ ಬಗ್ಗೆ. ಆ ಕಲ್ಲು ನಿಂತಿರುವುದೇ ಒಂದು ನಾಯಿಗಾಗಿ ಎಂಬುದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೆ.

ಆ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದರಾಸಿನಲ್ಲಿರುವ ನಮಗೆ ಅದು ದೂರದ ಕಥೆಯೇನಲ್ಲ. ಸೆಂಟ್ರಲ್‌ನಿಂದ ಲೋಕಲ್ ರೈಲು ಹತ್ತಿದರೆ ಸುಮಾರು 70 ಕಿಲೋಮೀಟರಿಗೆ ಅರಕ್ಕೋಣಂ. ಅದರ ಹತ್ತಿರವೇ ತಕ್ಕೋಲಂ. ಕ್ರಿ.ಶ. 949ರ ಸುಮಾರಿಗೆ ಅಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು. ಚೋಳರ ಕಡೆ ರಾಜಕುಮಾರ ರಾಜಾದಿತ್ಯ. ಕೃಷ್ಣನ ಕಡೆ ಗಂಗರ ಎರಡನೆಯ ಬೂತುಗ. ಆನೆಯ ಮೇಲಿದ್ದ ರಾಜಾದಿತ್ಯನನ್ನು ಬೂತುಗ ಕೊಂದ. ಅದಕ್ಕೆ ಪ್ರತಿಯಾಗಿ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟ.

ಈ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರನೂ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ "ಏನು ಬೇಕೋ ಬೇಡು" ಎಂದ. ಬನವಾಸಿ ಹನ್ನೆರಡು ಸಾಸಿರದಂಥ ನಾಡನ್ನೇ ಹಂಚುತ್ತಿದ್ದ ಹೊತ್ತು ಅದು. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಕೊಟ್ಟರು, ತಂದ.

ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನಲ್ಲಿ, ಚಲ್ಲೇಶ್ವರ ದೇವರ ಮುಂದೆ, ಕಲ್ಲು ನಿಲ್ಲಿಸಿದ. ಅದು ಇವತ್ತಿನ ಮಂಡ್ಯ ಜಿಲ್ಲೆ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟ. ಕಲ್ಲಿಗೆ ಪೂಜೆ ಮಾಡುವುದು ಅಲ್ಲಿನ ಗೊರವನ ಕೆಲಸ. ಪೂಜೆ ಮಾಡದೆ ಗೊರವ ಉಂಡರೆ ಆ ನಾಯಿಯ ಪಾಪ ಅವನಿಗೆ. ಭೂಮಿಯನ್ನು ಕೆಡಿಸಿದವನಿಗೂ ಅದೇ ಪಾಪ. ಬೇರೆ ಶಾಸನಗಳಲ್ಲಿ ಕೊನೆಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಬರುವುದನ್ನು ನೀವು ಕೇಳಿರುತ್ತೀರಿ. ಇಲ್ಲಿ ಹಸು ನಿಲ್ಲುವ ಜಾಗದಲ್ಲಿ ನಾಯಿ ನಿಂತಿದೆ.

ಆ ಕಲ್ಲು ಈಗ ಬೆಂಗಳೂರಿನಲ್ಲಿ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಮೇಲ್ಗಡೆ ನಾಯಿ ಮತ್ತು ಹಂದಿ ಎದುರುಬದುರಾಗಿರುವ ಕೆತ್ತನೆ, ಸುತ್ತಲೂ ಹಳಗನ್ನಡದ ಅಕ್ಷರ. ಶಕ ವರ್ಷ 872, ಸೌಮ್ಯ ಸಂವತ್ಸರ ಎಂದು ಕಾಲವನ್ನೂ ಬರೆದಿದ್ದಾರೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ, ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕದಲ್ಲಿ ಇದನ್ನು ಪ್ರಕಟಿಸಿದರು. ಆಮೇಲೆ ವಿದ್ವಾಂಸರ ಚರ್ಚೆಯೆಲ್ಲ ರಾಜಾದಿತ್ಯನನ್ನು ಬೂತುಗ ಮೋಸದಿಂದ ಕೊಂದನೋ ಅಥವಾ ಆನೆಯ ಅಂಬಾರಿಯನ್ನೇ ರಣಾಂಗಣ ಮಾಡಿಕೊಂಡು ಕೊಂದನೋ ಎಂಬ ಒಂದು ಪದದ ಅರ್ಥದ ಸುತ್ತ ನಡೆಯಿತು. ಮೊದಲು ಮೋಸ ಎಂದು ಓದಿದ್ದು ತಪ್ಪು, ಅಂಬಾರಿ ಎನ್ನುವುದೇ ಸರಿ ಎಂದು ತೀರ್ಮಾನವಾಯಿತು. ಚರ್ಚೆ ಬೇಕಾದದ್ದೇ. ಆದರೆ ಕಲ್ಲು ಹಾಕಿಸಿದವನಿಗೆ ಹೇಳಬೇಕಾಗಿದ್ದ ಮುಖ್ಯ ಸಂಗತಿ ಬೇರೆಯದೇ ಆಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ನಾವು ತಮಿಳರ ಊರಿನಲ್ಲಿ ಕೂತು ಈ ಗೆಲುವಿನ ಕಥೆ ಹೇಳುತ್ತಿದ್ದೇವೆ. ಸೋತವರಿಗೂ ನೆನಪಿದೆ. ಚೋಳರ ಶಾಸನಗಳು ರಾಜಾದಿತ್ಯನನ್ನು 'ಆನೈ ಮೇಲ್ ತುಂಜಿನ ದೇವರ್' ಎನ್ನುತ್ತವೆ, ಅಂದರೆ ಆನೆಯ ಮೇಲೆ ನಿದ್ದೆಹೋದ ದೇವರು. ಸತ್ತ ಎನ್ನುವುದನ್ನು ಎಷ್ಟು ಮೆತ್ತಗೆ ಹೇಳಿದ್ದಾರೆ ನೋಡಿ. 2025ರಲ್ಲಿ ತಕ್ಕೋಲಂನಲ್ಲಿರುವ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ಕೇಂದ್ರಕ್ಕೆ ಅವನ ಹೆಸರನ್ನೇ ಇಟ್ಟರು. ಹೀಗೆ ಒಂದೇ ಯುದ್ಧದಿಂದ ಆ ಕಡೆ ಒಬ್ಬ ರಾಜಕುಮಾರ ಉಳಿದ, ಈ ಕಡೆ ಒಂದು ನಾಯಿ ಉಳಿಯಿತು.

ನಾಯಿಗೆ ಕಲ್ಲಿನಲ್ಲಿ ಜಾಗ ಕೊಡುವುದರಲ್ಲಿ ತಮಿಳರೇನೂ ಹಿಂದೆ ಬಿದ್ದಿಲ್ಲ. ತಿರುವಣ್ಣಾಮಲೈ ಜಿಲ್ಲೆಯ ಎಡತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ, ಒಂದು ವೀರಗಲ್ಲು ಇದೆ. ತುರು ಕಾಯುತ್ತ ಸತ್ತ ವೀರನ ಹಿಂದೆ ಅವನ ನಾಯಿಯನ್ನೂ ಕೆತ್ತಿದ್ದಾರೆ. ನಾಯಿಯ ಹೆಸರು ಕೋವಿವನ್. ಇಬ್ಬರು ಕಳ್ಳರನ್ನು ಕಚ್ಚಿ ತನ್ನ ಒಡೆಯನ ಬಳಿ ಕಾವಲು ನಿಂತಿತ್ತು ಎಂದು ಬರೆದಿದೆ.

ಈ ಎರಡು ಕಲ್ಲುಗಳಲ್ಲೂ ನನಗೆ ಹಿಡಿಸಿದ್ದು ಹೆಸರು. ಚಿಕ್ಕಂದಿನಲ್ಲಿ ಅಜ್ಜಿ ಧರ್ಮರಾಯನ ಕಥೆ ಹೇಳುತ್ತಿದ್ದರು. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತುವುದಿಲ್ಲ ಎಂದು ಅವನು ಇಂದ್ರನಿಗೇ ಹೇಳಿದ ಕಥೆ. ದೊಡ್ಡ ಕಥೆ, ಒಪ್ಪುತ್ತೇನೆ. ಆದರೂ ಒಂದು ಸಣ್ಣ ಅಸಮಾಧಾನ. ಕೊನೆಯಲ್ಲಿ ಆ ನಾಯಿ ನಾಯಿಯಾಗಿ ಉಳಿಯುವುದಿಲ್ಲ, ಯಮಧರ್ಮನಾಗಿಬಿಡುತ್ತದೆ. ಅಷ್ಟು ದೂರ ನಡೆದು ಬಂದದ್ದಕ್ಕೆ ಒಂದು ಹೆಸರೂ ಇಲ್ಲ. ಕಾಳಿ ಹಾಗಲ್ಲ. ಅದು ಯಾವ ದೇವರೂ ಆಗಲಿಲ್ಲ, ನಾಯಿಯಾಗಿಯೇ ಸತ್ತಿತು, ನಾಯಿಯಾಗಿಯೇ ಪೂಜೆ ತೆಗೆದುಕೊಂಡಿತು.

ನಮ್ಮ ಭಾಷೆಯೋ, ನಾಯಿಯ ವಿಷಯದಲ್ಲಿ ಎರಡು ನಾಲಗೆಯದು. ನಾಯಿಪಾಡು, ನಾಯಿಬುದ್ಧಿ, ನಾಯಿ ಸತ್ತ ಹಾಗೆ ಸತ್ತ ಎಂದು ಬೈಯುತ್ತೇವೆ. ನಿಯತ್ತಿನ ಮಾತು ಬಂದಾಗ ಮಾತ್ರ ನಾಯಿಯನ್ನೇ ಸಾಕ್ಷಿಗೆ ಕರೆಯುತ್ತೇವೆ. ಮೈಲಾರಲಿಂಗನ ಗೊರವಯ್ಯಗಳು ದೇವರ ನಾಯಿಗಳಾಗಿ ಬೊಗಳುವುದನ್ನು ಜಾತ್ರೆಯಲ್ಲಿ ಕೈಮುಗಿದು ನೋಡುತ್ತೇವೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ನಾಯಿಗಳಿಗೇ ಒಂದು ಗುಡಿ ಕಟ್ಟಿದ್ದಾರೆ. ಇಷ್ಟೆಲ್ಲ ಇದ್ದೂ, ಮನೆಯ ನಾಯಿ ಸತ್ತು ಅತ್ತರೆ "ನಾಯಿಗೆ ಇಷ್ಟೊಂದಾ?" ಎನ್ನುತ್ತೇವೆ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿಯವರ ಮನೆಯ ನಾಯಿ ಸನ್ನಿ ತೀರಿಕೊಂಡಾಗ ಅವರ ಕುಟುಂಬ ಅತ್ತದ್ದು ಸುದ್ದಿಯಾಯಿತು. ಮುಂದಿನ ವರ್ಷ '777 ಚಾರ್ಲಿ' ಸಿನಿಮಾ ನೋಡಿ, ಆಗ ಮುಖ್ಯಮಂತ್ರಿಯಾಗಿದ್ದ ಅವರು ಮತ್ತೆ ಕಣ್ಣೀರಿಟ್ಟರು. ಎರಡು ಸಲವೂ ನಾನು ಸುದ್ದಿ ಓದಿ ಪುಟ ತಿರುಗಿಸಿದ್ದೆ.

ಹೀಗೆ ಪುಟ ತಿರುಗಿಸುವುದು ನನಗೆ ಹಳೆಯ ಅಭ್ಯಾಸ. ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಊರಿನ ನಮ್ಮ ಟೈಗರ್ ಸತ್ತ. ಅಪ್ಪ ಅದನ್ನು ಹೇಳಿದ್ದು ಮೂರು ವಾರದ ಮೇಲೆ, ಫೋನ್ ಇಡುವ ಮುಂಚೆ, ಫೀಸು ಕಟ್ಟಿದೆಯಾ ಎಂದು ಕೇಳಿ ಆದಮೇಲೆ. ತೋಟದಲ್ಲಿ ತೆಂಗಿನ ಮರದ ಬುಡದಲ್ಲಿ ಹೂತೆ ಎಂದರು. ಯಾವ ಮರ ಎಂದು ಕೇಳಲು ನನಗೆ ನಾಚಿಕೆಯಾಯಿತು, ಪಕ್ಕದಲ್ಲಿ ಹುಡುಗರು ನಿಂತಿದ್ದರು. ಈಗ ಕೇಳೋಣವೆಂದರೆ ಅಪ್ಪ ಇಲ್ಲ. ತೋಟದಲ್ಲಿ ನಲವತ್ತು ಮರ.

ಶುಕ್ರವಾರ ಬೆಳಿಗ್ಗೆ ರಿಜಿಸ್ಟರಿನಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. "ಅಮ್ಮಾ, ನಿನ್ನೆ ನಾನು ನಕ್ಕಿದ್ದು ತಪ್ಪಾಯಿತು. ನಿಯಮ ಗಿಯಮ ಏನೂ ಇಲ್ಲ. ಮಣಿ ವಿಷಯ ಹೇಳಿ" ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು.

ಮಣಿ ಜಾತಿನಾಯಿ ಅಲ್ಲ. ಬೀದಿಯದೇ, ಕಂದು ಬಣ್ಣ, ಎಡಗಿವಿ ಮಡಚಿದ್ದು. ಒಂದು ಮಳೆಗಾಲದಲ್ಲಿ ಅಪಾರ್ಟ್‌ಮೆಂಟಿನ ಮೋಟಾರ್ ರೂಮಿನ ಹಿಂದೆ ಸಿಕ್ಕ ಮರಿ. ಮದರಾಸಿನ ಮಳೆಯಲ್ಲಿ ಹೀಗೆ ಸಿಕ್ಕ ನಾಯಿಮರಿಗಳಿಗೆ ದೊಡ್ಡ ಚರಿತ್ರೆಯೇ ಇದೆ. 1959ರಲ್ಲಿ ವಿಮಾನ ಚಾಲಕ ಕ್ಯಾಪ್ಟನ್ ವಿ. ಸುಂದರಂ ಟಿ. ನಗರದ ಮಳೆನೀರಿನಲ್ಲಿ ಒದ್ದಾಡುತ್ತಿದ್ದ ಎರಡು ಮರಿಗಳನ್ನು ಮನೆಗೆ ತಂದದ್ದರಿಂದಲೇ ಬ್ಲೂ ಕ್ರಾಸ್ ಸಂಸ್ಥೆ ಹುಟ್ಟಿತು. ಅಮ್ಮನಿಗೆ ಅದೆಲ್ಲ ಗೊತ್ತಿಲ್ಲ. ಮರಿ ನಡುಗುತ್ತಿತ್ತು, ಹಳೆಯ ಟವೆಲಿನಲ್ಲಿ ಸುತ್ತಿ ಒಳಗೆ ತಂದರು, ಅಷ್ಟೇ. ಯಜಮಾನರು ಮೊದಲು ಬೈದರಂತೆ. ಆಮೇಲೆ ಸಂಜೆ ವಾಕಿಂಗ್ ಹೋಗುವಾಗ ಇಬ್ಬರೇ ಹೋಗಲು ಶುರುಮಾಡಿದರು, ಇವರನ್ನು ಕರೆಯುತ್ತಲೇ ಇರಲಿಲ್ಲವಂತೆ. ಮಣಿಗೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. ವಾಚ್‌ಮನ್ ತಮಿಳಿನಲ್ಲಿ ಕರೆದರೆ ಮಣಿ ತಿರುಗಿಯೂ ನೋಡುತ್ತಿರಲಿಲ್ಲ. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳು ಪರದೇಶ.

"ಮನೇಲಿ ಕನ್ನಡ ಕೇಳೋರು ಅಂತ ಇದ್ದದ್ದು ಅವನೊಬ್ಬನೇ ಕಣಪ್ಪ," ಎಂದರು.

ಫೋನಿನ ಈ ತುದಿಯಲ್ಲಿ ನನಗೆ ಮಾತು ಹೊರಡಲಿಲ್ಲ. ವಾರಕ್ಕೊಂದು ಸಲ ಮೈಕಿನ ಮುಂದೆ ಕೂತು, ಈ ಊರಿನಲ್ಲಿ ಕನ್ನಡವನ್ನು ನಾನೇ ಮನೆಮನೆಗೆ ಮುಟ್ಟಿಸುತ್ತಿದ್ದೇನೆ ಎಂದುಕೊಂಡಿದ್ದವನು ನಾನು.

ಮಂಗಳವಾರ ಬೆಳಗಿನ ಜಾವ ಮಣಿ ಹೋದ. ಫ್ಲಾಟಿನಲ್ಲಿ ಮಣ್ಣು ಎಲ್ಲಿದೆ? ಕೆಳಗೆಲ್ಲ ಸಿಮೆಂಟು, ಕಾರುಗಳು. ಪರಿಚಯದವರೊಬ್ಬರ ಖಾಲಿ ಸೈಟು ಊರಾಚೆ ಇತ್ತು. ಬಟ್ಟೆಯಲ್ಲಿ ಸುತ್ತಿ ಕೆಳಗಿಳಿಸಿ ನಿಂತರೆ ಎರಡು ಆಟೋದವರು ನೋಡಿ ಹೊರಟುಹೋದರು. ಮೂರನೆಯವನು ಇಳಿದು ಬಂದು, ತಾನೇ ಎತ್ತಿ ಸೀಟಿನ ಮೇಲೆ ಇಟ್ಟು, "ಪೇರ್ ಎನ್ನಮ್ಮಾ?" ಎಂದನಂತೆ. ಹೆಸರೇನು ಎಂದು. ಇವರು ಹೇಳಿದರು. ಅಲ್ಲಿಯವರೆಗೂ ಅಳದೇ ಇದ್ದವರು ಆಗ ಅತ್ತರಂತೆ. ಗುಂಡಿ ತೋಡಲು ಅವನೂ ಕೈಹಾಕಿದ. ಮೀಟರಿನ ಮೇಲೆ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳಲಿಲ್ಲ. ಮದರಾಸಿನ ಆಟೋ ಬಲ್ಲವರಿಗೆ ಇದು ಸಣ್ಣ ಮಾತಲ್ಲ!

ಅವರು ಹೇಳುತ್ತಿದ್ದುದನ್ನು ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದನ್ನು ಮೇಲಿಂದ ಕೆಳಗೆ ನೋಡಿದಾಗ ಹೊಳೆಯಿತು, ಆತಕೂರಿನ ಕಲ್ಲಿನಲ್ಲಿ ಇರುವುದೂ ಇಷ್ಟೇ ಅಲ್ಲವೇ? ಹೆಸರೇನು, ಯಾರ ಕೈಯಿಂದ ಬಂತು, ಊರಿನ ಯಾವ ದಿಕ್ಕಿನಲ್ಲಿ ಸತ್ತಿತು, ಯಾವಾಗ, ಗುರುತು ಎಲ್ಲಿದೆ, ಇನ್ನು ಮುಂದೆ ನೋಡಿಕೊಳ್ಳುವವರು ಯಾರು. ಮಣಲೆರ ಅತ್ತ ಎಂದು ಆ ಕಲ್ಲಿನಲ್ಲಿ ಎಲ್ಲೂ ಇಲ್ಲ. ಪಡುವಣ ದಿಕ್ಕು ಎಂದಿದೆ. ಒಟ್ಟಿಗೇ ಸತ್ತವು ಎಂದಿದೆ. ಎದುರಾಳಿ ಹಂದಿಗೂ ಕಲ್ಲಿನಲ್ಲಿ ಜಾಗ ಕೊಟ್ಟಿದ್ದಾನೆ. ಸಾವಿರ ವರ್ಷದ ಮೇಲೆ ಓದಿದರೂ ಅವನಿಗೆ ಎಷ್ಟು ನೋವಾಗಿತ್ತು ಎಂಬುದು ಆ ವಿವರಗಳಲ್ಲೇ ತಿಳಿಯುತ್ತದೆ.

ನಮ್ಮ ಹತ್ತಿರ ಕಲ್ಲಿಲ್ಲ, ಖಂಡುಗ ಭೂಮಿಯಂತೂ ಇಲ್ಲ. ಇರುವುದು ಭಾನುವಾರದ ಒಂದು ಹಾಡಿನ ಹೊತ್ತು. ಆದ್ದರಿಂದ ಅಂದು ನಾನು ಬಾನುಲಿಯಲ್ಲಿ ಓದಿದ್ದು ಹೀಗೆ: "ನುಂಗಂಬಾಕ್ಕಂನಲ್ಲಿ, ಕಾಲೇಜ್ ರಸ್ತೆಯ ಸಮೀಪದ ಮನೆಯಲ್ಲಿ ಹನ್ನೆರಡು ವರ್ಷ ಬಾಳಿ, ಮಂಗಳವಾರ ಬೆಳಗಿನ ಜಾವ ತೀರಿಕೊಂಡ, ಕಂದು ಬಣ್ಣದ, ಎಡಗಿವಿ ಮಡಚಿದ, ಕನ್ನಡ ಮಾತ್ರ ಕೇಳುತ್ತಿದ್ದ ಮಣಿ ಎಂಬ ನಾಯಿಗಾಗಿ, ಅವನ ಮನೆಯವರ ಕೋರಿಕೆಯ ಮೇರೆಗೆ ಈ ಹಾಡು."

ಪಿ.ಬಿ.ಎಸ್. ಅವರ ಹಾಡು ಹಾಕಿ ಮೈಕ್ ಮುಚ್ಚಿದೆ. ಎರಡನೆಯ ಚರಣ ಬರುವಷ್ಟರಲ್ಲಿ ಸ್ಟುಡಿಯೋದ ಹೊರಗಿನ ಫೋನ್ ಹೊಡೆದುಕೊಂಡಿತು. ಅಮ್ಮನೇ.

"ಹದಿಮೂರು ವರ್ಷ ಕಣಪ್ಪ," ಎಂದರು. "ಹನ್ನೆರಡಲ್ಲ, ಹದಿಮೂರು. ಸರಿಯಾಗಿ ಬರ್ಕೋ."

ಬರೆದುಕೊಂಡೆ.