ಭಾಷಾವಿಜ್ಞಾನ ಓದಿದವರಿಗೆ ಸಿಂಗಪುರದಲ್ಲಿ ಏನು ಕೆಲಸ?

ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುತ್ತೇನೆಂದು ಮಗಳು ಹೇಳಿದರೆ ಮನೆಯವರು ಮೊದಲು ಕೇಳುವುದು, 'ಓದಿ ಮುಂದೇನು ಮಾಡ್ತೀಯಮ್ಮ?' ಅಂತಲೇ. ಸಿಂಗಪುರದಲ್ಲಿ ಇದಕ್ಕೆ ಉತ್ತರ ಹುಟ್ಟಿದ್ದು ಬಹುಪಾಲು ಸರ್ಕಾರದ ತಲೆನೋವಿನಿಂದ.

1965ರಲ್ಲಿ ಸ್ವತಂತ್ರವಾದ ಈ ದೇಶಕ್ಕೆ ನಾಲ್ಕು ಅಧಿಕೃತ ಭಾಷೆಗಳು. ಮರುವರ್ಷವೇ ಪ್ರೌಢಶಾಲೆಗಳಲ್ಲೂ ಎರಡನೆಯ ಭಾಷೆ ಕಡ್ಡಾಯವಾಯಿತು. 1968ರಲ್ಲಿ ಆಗ್ನೇಯ ಏಷ್ಯಾದ ಶಿಕ್ಷಣ ಸಚಿವರ ಸಂಘಟನೆ ಇಲ್ಲಿ ರೆಲ್ಕ್ ಎಂಬ ಇಂಗ್ಲಿಷ್ ಬೋಧನಾ ಕೇಂದ್ರ ತೆರೆಯಿತು. ಆರೆಂಜ್ ಗ್ರೋವ್ ರಸ್ತೆಯ ಅದರ ಕಟ್ಟಡದಲ್ಲಿ ಮುಂದೆ ಹೋಟೆಲೂ ನಡೆಯಿತು, ವ್ಯಾಪಾರಿ ಊರಲ್ಲವೇ! ಮರುವರ್ಷ, 1969ರಲ್ಲಿ, ನಮ್ಮ ಮೈಸೂರಿನಲ್ಲೂ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಎರಡೂ ಕಡೆ ಭಾಷಾವಿಜ್ಞಾನಿಗಳಿಗೆ ಒದಗಿದ ದೊಡ್ಡ ಕೆಲಸವೆಂದರೆ ಮೇಷ್ಟ್ರುಗಳನ್ನು ತಯಾರು ಮಾಡುವುದು.

ಆಮೇಲೆ ಬೀದಿಯ ಮಾತಿನ ಸರದಿ. 1980ರಲ್ಲಿ ಪ್ಲ್ಯಾಟ್ ಮತ್ತು ವೆಬರ್ ಎಂಬ ಸಂಶೋಧಕರು ಸಿಂಗಪುರ, ಮಲೇಷ್ಯಾಗಳ ಇಂಗ್ಲಿಷ್ ಕುರಿತು ಪುಸ್ತಕ ತಂದರು. ಅಂಗಡಿಯವನು 'ಕ್ಯಾನ್ ಲಾ' ಅಂದರೆ ಭರವಸೆ. ಗಿರಾಕಿ 'ಕ್ಯಾನ್ ಮೆ?' ಅಂದರೆ ಅನುಮಾನ. 2000ದಲ್ಲಿ ಸರ್ಕಾರ 'ಒಳ್ಳೆಯ ಇಂಗ್ಲಿಷ್ ಮಾತಾಡಿ' ಎಂದು ಚಳವಳಿಯನ್ನೇ ಹೂಡಿತು. ಸಂಶೋಧಕರು ಮಾತ್ರ ಸಿಂಗ್ಲಿಷ್ ಎಂಬ ಈ ಬೀದಿ ಇಂಗ್ಲಿಷಿಗೂ ವ್ಯಾಕರಣ ಉಂಟು ಎಂದು ಬರೆಯುತ್ತಲೇ ಇದ್ದರು. ನನ್ನ ಓಟು ಇವರಿಗೇ. ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಕೆಲಸವೂ ಉಂಟು. ಮಲಯಾಳದ ವಾಕ್ಯರಚನೆ ಬಿಡಿಸಿದ ಕೆ.ಪಿ. ಮೋಹನನ್, ಹಿಂದಿಯದನ್ನು ಬಿಡಿಸಿದ ತಾರಾ ಮೋಹನನ್ ಇಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಿದವರು. ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ವಿಭಾಗದ ಹೆಸರಿನಲ್ಲೇ ಬಹುಭಾಷಾ ಅಧ್ಯಯನವೂ ಸೇರಿದೆ.

ಈಗಿನ ಗಿರಾಕಿ ಕಂಪ್ಯೂಟರು. ಬೇರೆ ದೇಶದ ಉಚ್ಚಾರಣೆಯಲ್ಲಿ ಪಳಗಿದ ಯಂತ್ರಕ್ಕೆ 'ಆಂಗ್ ಮೊ ಕಿಯೊ' ಎಂಬ ಇಲ್ಲಿನ ಬಡಾವಣೆಯ ಹೆಸರು ಹೇಳಿದರೆ ತಬ್ಬಿಬ್ಬು. ಅದಕ್ಕೇ 2018ರಲ್ಲಿ ಹೊರಬಂದ ರಾಷ್ಟ್ರೀಯ ಧ್ವನಿ ಸಂಗ್ರಹಕ್ಕೆ ಸ್ಥಳೀಯರಿಂದ ಊರಿನ, ತಿಂಡಿಯ ಹೆಸರುಳ್ಳ ವಾಕ್ಯಗಳನ್ನು ಓದಿಸಿ ಧ್ವನಿ ಮುದ್ರಿಸಿಕೊಂಡರು. ಇಂಥ ಕೆಲಸ ಬೇಕೆನ್ನುವವರು ಧ್ವನಿವಿಜ್ಞಾನದ ಜೊತೆ ಒಂದಿಷ್ಟು ಪ್ರೋಗ್ರಾಮಿಂಗ್ ಕಲಿತಿರಲೇಬೇಕು. ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ದಾರಿಯೂ ಇದೆ. ಅದಕ್ಕೆ ಬೇರೆಯದೇ ತರಬೇತಿ ಬೇಕು.

ಇನ್ನು ನಮ್ಮ ಕನ್ನಡ ಮನೆಗಳ ಮಾತು? ಇಲ್ಲಿನ ಶಾಲೆಗಳಲ್ಲಿ ತಮಿಳಿಗೆ ಜಾಗ ಉಂಟು; 1990ರ ದಶಕದಿಂದ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೂ ಸಿಕ್ಕಿತು. ಕನ್ನಡಕ್ಕಿಲ್ಲ. ಅಜ್ಜಿಯ ಹತ್ತಿರ ಕನ್ನಡ, ತರಗತಿಯಲ್ಲಿ ಹಿಂದಿ, ಅಣ್ಣತಂಗಿಯರ ಜಗಳಕ್ಕೆ ಇಂಗ್ಲಿಷ್: ಹೀಗೆ ಬೆಳೆಯುವ ಮಗುವಿನ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಎಷ್ಟು ಉಳಿಯುತ್ತವೆ, ಯಾವುದು ಮೊದಲು ಸವೆಯುತ್ತದೆ? ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವ ಕನ್ನಡದ ಹುಡುಗ ಹುಡುಗಿಯರು ಇದನ್ನೇ ಎತ್ತಿಕೊಳ್ಳಬಹುದು.