ಕೋಶಗಳ ನಂಟು, ಕ್ಯಾನ್ಸರಿನ ಹರಡುವಿಕೆ



ಬಾಯಿಹುಣ್ಣು ಮಾಯದೆ ಪಾಪಿರೆಡ್ಡಿಪಟ್ಟಿಯ ಸೀಮೆಯಿಂದ ಹೊರಟವರು ಮೊದಲು ಧರ್ಮಪುರಿಯ ಇಲ್ಲವೆ ಸೇಲಂನ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಕೆಲವರು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗೆ, ಕೆಲವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ ಅಡ್ಯಾರ್ ಸಂಸ್ಥೆ 1954ರಲ್ಲಿ ಆರಂಭವಾಯಿತು, ಕಿದ್ವಾಯಿ 1973ರಲ್ಲಿ. ಎಲ್ಲಿಗೆ ಹೋದರೂ ಮನೆಯವರು ಕೇಳುವುದು ಒಂದೇ ಮಾತು: ‘ಡಾಕ್ಟ್ರೆ, ಬೇರೆ ಕಡೆ ಹರಡಿದೆಯಾ?’ ಇಂದು ನಾನು ಮಾತಾಡಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆಯೇ.

ನಮ್ಮ ಬಾಯಿಯ ಒಳಪದರದ ಕೋಶಗಳು ಜಾತ್ರೆಯ ನೂಕುನುಗ್ಗಲಲ್ಲಿ ಕೈಬಿಡದೆ ನಡೆಯುವ ಮನೆಮಂದಿಯಂತೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಡಿಯುವ ಕೆಲಸ ಮಾಡುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ಇ-ಕ್ಯಾಡ್ಹೆರಿನ್. ಕ್ಯಾಲ್ಸಿಯಂ ಇದ್ದರಷ್ಟೇ ಅದರ ಹಿಡಿತ ನಿಲ್ಲುತ್ತದೆ. ಕ್ಯಾಡ್ಹೆರಿನ್‌ಗಳ ಕುಟುಂಬವನ್ನು ಜಪಾನಿನ ಮಸಾತೋಶಿ ತಾಕೆಇಚಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಗುರುತಿಸಿ ಹೆಸರಿಟ್ಟರು. ಗಡ್ಡೆಯ ಅಂಚಿನ ಕೋಶ ಈ ಪ್ರೋಟೀನನ್ನು ಕಳೆದುಕೊಂಡರೆ ನೆರೆಯ ಕೋಶದಿಂದ ಬಿಡಿಸಿಕೊಳ್ಳುತ್ತದೆ, ಆಕಾರ ಬದಲಿಸಿ ಚಲಿಸತೊಡಗುತ್ತದೆ, ದುಗ್ಧನಾಳ ಹಿಡಿದು ಕುತ್ತಿಗೆಯ ಗಂಟುಗಳನ್ನು ಸೇರಬಹುದು.

ಆನುವಂಶಿಕ ಸಾಕ್ಷ್ಯವೂ ಇದೆ. ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಹೊಟ್ಟೆಯ ಕ್ಯಾನ್ಸರ್ ಕಾಡುತ್ತಿತ್ತು. ಇ-ಕ್ಯಾಡ್ಹೆರಿನ್‌ನ ಜೀನ್ ಕೆಟ್ಟದ್ದೇ ಅದಕ್ಕೆ ಕಾರಣವೆಂದು 1998ರಲ್ಲಿ ತಿಳಿಯಿತು.

ಹಾಗಾದರೆ ಈ ಪ್ರೋಟೀನ್ ಇಲ್ಲವಾದರೆ ಕ್ಯಾನ್ಸರ್ ಹರಡಿತು, ಇದ್ದರೆ ಹರಡಲಿಲ್ಲ ಎಂದು ಬರೆದುಬಿಡಬಹುದೆ? ಬರೆಯಲಾಗದು. ಸ್ತನದ ಲೋಬ್ಯುಲರ್ ಕ್ಯಾನ್ಸರಿನಲ್ಲಿ ಕೋಶಗಳು ಒಂದರ ಹಿಂದೊಂದು ಸಾಲುಗಟ್ಟಿ ನುಗ್ಗುತ್ತವೆ. ಬಣ್ಣದ ಪರೀಕ್ಷೆ ಮಾಡಿದರೆ ಕೋಶದ ಸುತ್ತ ಕಾಣಬೇಕಾದ ಇ-ಕ್ಯಾಡ್ಹೆರಿನ್‌ನ ಕಂದು ಗೆರೆ ಸಾಮಾನ್ಯವಾಗಿ ಕಾಣುವುದಿಲ್ಲ. ಇದರಿಂದ ಕ್ಯಾನ್ಸರಿನ ಬಗೆ ತಿಳಿಯುತ್ತದೆ; ರೋಗಿಯ ಆಯುಷ್ಯ ತಿಳಿಯುವುದಿಲ್ಲ. ಇನ್ನೂ ಸಾಮಾನ್ಯವಾದ ಡಕ್ಟಲ್ ಕ್ಯಾನ್ಸರ್ ಆ ಗೆರೆಯನ್ನು ಉಳಿಸಿಕೊಂಡೇ ಮೂಳೆಗೂ ಯಕೃತ್ತಿಗೂ ಹೋಗುತ್ತದೆ. ರಕ್ತದಲ್ಲಿ ಗುಂಪಾಗಿ, ಅಂಟಿಕೊಂಡೇ ಸಾಗುವ ಕೋಶಗಳು ಒಂಟಿ ಕೋಶಗಳಿಗಿಂತ ಬಲವಾಗಿ ಬೇರೂರುತ್ತವೆಂದು ಇಲಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಒಂದೇ ಪ್ರೋಟೀನನ್ನು ನೋಡಿ ಭವಿಷ್ಯ ನುಡಿಯುವುದು ರೋಗಿಗೆ ಮಾಡುವ ಅನ್ಯಾಯವೆಂದೇ ನನ್ನ ಖಚಿತ ನಿಲುವು.

ಎಲೆ, ಅಡಿಕೆ, ಹೊಗೆಸೊಪ್ಪಿನಿಂದ ಬರುವ ನಮ್ಮವರ ಬಾಯಿ ಕ್ಯಾನ್ಸರಿನಲ್ಲಿ ಮಾತ್ರ ಈ ಪರೀಕ್ಷೆಗೆ ದೊಡ್ಡ ಕೆಲಸ ಕಾದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಆರಂಭದ ಹಂತದಲ್ಲೇ, ಗಂಟು ಕೈಗೆ ಸಿಗದಿದ್ದರೂ, ಕುತ್ತಿಗೆಯ ಗಂಟುಗಳನ್ನು ತೆಗೆದವರಲ್ಲಿ ಮೂರು ವರ್ಷದ ನಂತರ ಶೇ. 80 ಜನ ಬದುಕಿದ್ದರು. ಗಂಟು ಕಾಣಿಸಿದ ಮೇಲೆ ತೆಗೆಯೋಣವೆಂದು ಕಾದವರಲ್ಲಿ ಶೇ. 67.5 ಜನ. ಭಾರತದ ವೈದ್ಯರು ಜಗತ್ತಿನ ಚಿಕಿತ್ಸೆಯನ್ನೇ ತಿದ್ದಿದ ಕೆಲಸವಿದು. ಆದರೆ ಮೊದಲೇ ತೆಗೆದವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಯ ಗಂಟುಗಳಲ್ಲಿ ಕ್ಯಾನ್ಸರ್ ಸಿಗಲೇ ಇಲ್ಲ. ಅವರಿಗೂ ಕುತ್ತಿಗೆಯ ಗಾಯ, ಭುಜದ ನೋವು ತಪ್ಪಿದ್ದಲ್ಲ. ಯಾರ ಗಂಟಿನಲ್ಲಿ ರೋಗ ಅಡಗಿದೆ ಎಂದು ಮುಂಚೆಯೇ ಹೇಳಬಲ್ಲವರು ಬೇಕು.

ಇಂದು ನಾವು ನೆಚ್ಚಿರುವುದು ಗಡ್ಡೆ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಎಂಬ ಅಳತೆಯನ್ನು. ಇ-ಕ್ಯಾಡ್ಹೆರಿನ್ ಕುಗ್ಗಿದ ಬಾಯಿ ಗಡ್ಡೆಗಳು ಗಂಟಿಗೆ ಹರಡುವುದು ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಆಳದ ಅಳತೆಯ ಜೊತೆಗೆ ಅದನ್ನೂ ಸೇರಿಸಿ, ನಮ್ಮದೇ ರೋಗಿಗಳಲ್ಲಿ ಒರೆಗೆ ಹಚ್ಚಬೇಕು. ಅಲ್ಲಿಯವರೆಗೆ ಆ ಗೆರೆ ಕಂಡಿತೆಂದು ಆಪರೇಷನ್ ಬಿಡುವುದು ಸಲ್ಲದು.

ಈ ಪರೀಕ್ಷೆಗಾಗಿ ಮತ್ತೆ ಮಾಂಸ ಕತ್ತರಿಸಬೇಕಾಗಿಲ್ಲ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕ್ ವರ್ಷಗಳ ಕಾಲ ಕೆಡುವುದಿಲ್ಲ. ಅದರಿಂದಲೇ ತೆಳು ಪದರ ಸೀಳಿ ಬಣ್ಣ ಹಾಕಬಹುದು. ಸೇಲಂನಿಂದ ಬೆಂಗಳೂರಿಗೆ ಹೊರಟಾಗ ರಿಪೋರ್ಟಿನ ಹಾಳೆಯೊಂದನ್ನೇ ಒಯ್ಯಬೇಡಿ. ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದು, ಬಿಸಿಲು ತಾಗದಂತೆ ಜೊತೆಗೆ ಕೊಂಡೊಯ್ಯಿರಿ.